ಮಾಸ್ತರ ಹರಿದ ಕೊಬ್ಬರಿ

ಬ್ಯಾಡಗಿಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಅಲ್ಲಿ ಯಾರಾದರೂ ಇಂಗ್ಲಿಷ್ ಕಲಿಯುತ್ತಾರೆಯೇ ಎಂದು ಮಾತ್ರ ಕೇಳಬೇಡಿ. ಹೆಸರು ರುದ್ರಮುನಿ. ರುದ್ರನ ಆರ್ಭಟವೂ ಇಲ್ಲ, ಮುನಿಯ ಮೌನವೂ ಇಲ್ಲ. ಅಪ್ಪ ಅವ್ವ ಏನು ನೋಡಿ ಈ ಹೆಸರಿಟ್ಟರೋ ಕಾಣೆ. ನಾನು ಹುಟ್ಟಾ ಅಂಜುಬುರುಕ. ಮೋಟೆಬೆನ್ನೂರಿನ ನಮ್ಮ ಓಣಿಯಲ್ಲಿ ನಾಯಿ ಎದುರಾದರೆ ಗೋಡೆಗೆ ಅಂಟಿಕೊಂಡು ಅದಕ್ಕೆ ದಾರಿ ಬಿಡುತ್ತೇನೆ. ಈ ಸಂಗತಿ ನಾಯಿಗಳಿಗೂ ತಿಳಿದುಹೋಗಿ, ಈಗೀಗ ಅವು ನನ್ನನ್ನು ಕಂಡರೆ ಬೊಗಳುವ ಗೋಜಿಗೂ ಹೋಗುವುದಿಲ್ಲ.

ಇಂಥವನು ಬದುಕಲು ಒಂದು ಉಪಾಯ ಬೇಕಲ್ಲ. ಬೇರೆಯವರು ನಗುವ ಮೊದಲೇ ನನ್ನನ್ನು ನಾನೇ ನೋಡಿ ನಕ್ಕುಬಿಡುವುದು ನಾನು ಕಂಡುಕೊಂಡ ಉಪಾಯ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ನನ್ನ ಫಜೀತಿಗಳನ್ನೇ ಕಥೆ ಮಾಡಿ ಹೇಳುತ್ತೇನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕವರು ಆಮೇಲೆ ಜಗಳಕ್ಕೆ ಬರುವುದಿಲ್ಲ.

"ನಿಮ್ಮ ಮರ್ಯಾದಿ ನೀವ ಹರಾಜಿಗೆ ಇಟ್ರ ಕೊಳ್ಳಾಕ ಯಾರು ಬರ್ತಾರ್ರಿ?" ಎಂದು ಹೆಂಡತಿ ಅಂಜಲಿ ಕೇಳುತ್ತಾಳೆ. ಕೊಳ್ಳುವವರು ಬರದಿದ್ದರೂ ಕೇಳುವವರು ಬರುತ್ತಾರೆ ಎಂಬುದು ನನ್ನ ಸಮಾಧಾನ.

ನನ್ನ ಇನ್ನೊಂದು ಬಂಡವಾಳ ಒಂದು ಭಾಷಣ. ಅದು ‘ಲೂಟ್’ ಎಂಬ ಇಂಗ್ಲಿಷ್ ಶಬ್ದದ ಮೇಲೆ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಅದೇ ಮೊದಲ ಪಾಠ. "ಇಂಗ್ಲಿಷಿಗೆ ಅಂಜಬೇಡಿ" ಎಂದು ಅಂಜುಬುರುಕನಾದ ನಾನು ಶುರು ಮಾಡುತ್ತೇನೆ. "ಅದರೊಳಗೆ ನಮ್ಮ ಮನೆಯ ಸಾಮಾನೇ ಬೇಕಾದಷ್ಟಿದೆ. ಲೂಟ್ ಅಂದರೆ ಕೊಳ್ಳೆ ಹೊಡೆಯುವುದು, ಹೊಡೆದು ತಂದ ಮಾಲಿಗೂ ಅದೇ ಹೆಸರು. ನಾವು ಲೂಟಿ ಅನ್ನುತ್ತೇವೆ, ಹಿಂದಿಯವರು ಲೂಟ್ ಅನ್ನುತ್ತಾರೆ, ಬೇರು ಹಿಡಿದು ಹೊರಟರೆ ಸಂಸ್ಕೃತದ ಲುಂಠನದ ತನಕ ಹೋಗುತ್ತೇವೆ. ಕಂಪನಿ ಸರಕಾರದ ಕಾಲದಲ್ಲಿ ಗೋರಾ ಸಿಪಾಯಿಗಳು ಇಲ್ಲಿಯ ಕೋಟೆ ಅರಮನೆಗಳನ್ನು ದೋಚಿದರು. ದೋಚಿದ್ದಕ್ಕೆ ಒಂದು ಹೆಸರು ಬೇಕಾಯಿತು, ಅದನ್ನೂ ಇಲ್ಲಿಂದಲೇ ಹೊತ್ತುಕೊಂಡು ಹೋದರು. ಅದೇ ಅರ್ಥದ ಇನ್ನೊಂದು ಶಬ್ದ ಪ್ಲಂಡರ್. ಅದು ಜರ್ಮನರದು, ಮನೆಯ ಹಾಸಿಗೆ, ಬಟ್ಟೆಬರೆ ಅಂತ ಅದರ ಹಳೆಯ ಅರ್ಥ. ಕೊಳ್ಳೆ ಹೊಡೆಯಲಿಕ್ಕೂ ಸ್ವಂತ ಶಬ್ದ ಇಲ್ಲದ ಜನ ನೋಡಿ!"

ಇಲ್ಲಿ ಚಪ್ಪಾಳೆ ಬೀಳುತ್ತದೆ. ಅವರಲ್ಲೂ ಅದಕ್ಕೆ ಹಳೆಯ ಶಬ್ದಗಳಿದ್ದವು ಎಂಬುದನ್ನು ನಾನು ಹೇಳುವುದಿಲ್ಲ, ಭಾಷಣ ಕೆಡುತ್ತದೆ. ಕೊನೆಗೆ ಎದೆಯುಬ್ಬಿಸಿ, "ಲೂಟಿ ಮಾಡಿದ್ದನ್ನು ವಾಪಸು ಕೊಡುವುದೇ ಮನುಷ್ಯತ್ವ" ಎಂದು ಮುಗಿಸುತ್ತೇನೆ. ಈ ಕೊನೆಯ ಮಾತೇ ಹೋದ ದೀಪಾವಳಿಯಲ್ಲಿ ನನ್ನ ಕುತ್ತಿಗೆಗೆ ಬಂತು.

ಬ್ಯಾಡಗಿಯಿಂದ ಬಂದು ಮೋಟೆಬೆನ್ನೂರಿನಲ್ಲಿ ಬಸ್ಸಿಳಿದರೆ ಹೆದ್ದಾರಿಯ ಪಕ್ಕದಲ್ಲೇ ಶಮಶೇರಸಾಬನ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರು, ಗೇಟು, ಕಿಟಕಿ ಮಾಡಿಕೊಡುತ್ತಾನೆ. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವನು, ಮೈಕಟ್ಟಿನಲ್ಲಿ ನನ್ನಂಥ ಇಬ್ಬರು. ದಿನಾ ಸಂಜೆ ಅಲ್ಲಿ ಕೂತು ಚಹಾ ಕುಡಿದೇ ನಾನು ಮನೆಗೆ ಹೋಗುವುದು. ನಾನು ನನ್ನ ಫಜೀತಿಗಳನ್ನು ಹೇಳುತ್ತೇನೆ, ಅವನು ತನ್ನ ಹೋರಿಯ ಸುದ್ದಿ ಹೇಳುತ್ತಾನೆ.

ನಮ್ಮ ಕಡೆಯ ಹೋರಿ ಹಬ್ಬ ನೋಡದವರಿಗೆ ಎರಡು ಮಾತು ಹೇಳಬೇಕು. ದೀಪಾವಳಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹೋರಿಗಳ ಕೊರಳಿಗೆ ಒಣ ಕೊಬ್ಬರಿಯ ಹಾರ ಕಟ್ಟಿ, ಜನ ಕಿಕ್ಕಿರಿದ ಅಖಾಡದಲ್ಲಿ ಓಡಿಸುತ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಆ ಕೊಬ್ಬರಿ ಹರಿದುಕೊಳ್ಳುವವರನ್ನು ಪೈಲ್ವಾನರೆಂದು ಕರೆಯುತ್ತಾರೆ. ಹರಿದವನಿಗೆ ಕೊಬ್ಬರಿ, ಹರಿಯಗೊಡದ ಹೋರಿಗೆ ಕೀರ್ತಿ. ಎರಡೂ ಕಡೆಯವರು ಒಪ್ಪಿಕೊಂಡು ನಡೆಸುವ ಲೂಟಿ ಇದು.

ಶಮಶೇರಸಾಬನ ಹೋರಿಗೆ ಮೈಕಿನಲ್ಲಿ ‘ಮೋಟೆಬೆನ್ನೂರ ಬಿರುಗಾಳಿ’ ಎಂದು ಹೆಸರು. ಮನೆಯಲ್ಲಿ ಅವನ ಹೆಂಡತಿ ಶರೀಫಾಬಿ ಕರೆಯುವುದು ‘ಬೇಟಾ’ ಎಂದು. ಕರುವಿದ್ದಾಗಿನಿಂದ ಹುರುಳಿ, ಹಿಂಡಿ, ಬೆಲ್ಲ ತಿನ್ನಿಸಿ ಬೆಳೆಸಿದವಳು ಅವಳೇ. ಹಗ್ಗ ಬಿಚ್ಚಿದರೆ ಅದು ಬಿರುಗಾಳಿ, ಅವಳು ಕೂಗಿದರೆ ತಲೆ ತಗ್ಗಿಸಿ ಬರುವ ಬೇಟಾ. ಓಡಲು ಶುರು ಮಾಡಿದ ಮೇಲೆ ಅದರ ಕೊರಳಿಂದ ಒಂದು ತುಂಡು ಕೊಬ್ಬರಿಯನ್ನೂ ಯಾವ ಪೈಲ್ವಾನನೂ ಹರಿದಿರಲಿಲ್ಲ.

"ಈ ವರ್ಷ ಕಡೀದು, ಮಾಸ್ತರ," ಎಂದ ಶಮಶೇರಸಾಬ ಒಂದು ಸಂಜೆ. "ಅವನ ಕಾಲಾಗ ಮೊದಲಿನ ಜೋರಿಲ್ಲ. ಇದೊಂದು ಸಲ ಓಡಿ ಬರ್ಲಿ, ಮುಂದ ಮನ್ಯಾಗ ಆರಾಮ ಮೇಯ್ಕೊಂತ ಇರ್ತಾನ."

"ಕಡೀ ಸಲ ಯಾರರ ಹರಿದ್ರ ಏನ್ಮಾಡ್ತೀರಿ?" ಎಂದೆ.

"ಹರೀಲಿ. ಆದ್ರ ಗಂಡೆದಿಯಾಂವ ಹರೀಬೇಕು. ಅಂಥಾಂವ ಬಂದ್ರ ನಾನ ಅವನಿಗೆ ಶಾಲು ಹೊಚ್ಚತೇನಿ. ಕೊಬ್ಬರಿ ಹೋದ್ರ ಹೋಗ್ತೈತಿ ಮಾಸ್ತರ, ಯಾರ ಕೈಯಾಗ ಹೋತು ಅನ್ನೋ ಮಾತು ಉಳೀತೈತಿ."

ಆ ಮಾತಿಗೆ ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವಾಗಲೂ ಮುಂದು.

ಆ ಸಲದ ಹಬ್ಬ ಬ್ಯಾಡಗಿಯ ಹತ್ತಿರದ ಒಂದು ಹೊಲದಲ್ಲಿ ಏರ್ಪಾಡಾಗಿತ್ತು. ಅಂಥ ಕಡೆ ನಾನು ಹೋಗುವವನಲ್ಲ. ಆದರೆ ಹಾವೇರಿಯ ಒಂದು ಸಂಘದವರು ಲೂಟಿಯ ಭಾಷಣಕ್ಕೆ ಕರೆದಿದ್ದರು, ಪರದೆಯ ಮೇಲೆ ಚಿತ್ರ ತೋರಿಸಲೂ ಹೇಳಿದ್ದರು. ನಮ್ಮ ಊರಿನ ಲೂಟಿಯದೂ ಒಂದು ಫೋಟೋ ಇರಲಿ ಎಂಬ ಆಸೆ ನನಗೆ. ಶಮಶೇರಸಾಬ ನನ್ನನ್ನು ಒಂದು ಟ್ರೇಲರಿನ ಮೇಲೆ ಹತ್ತಿಸಿ, "ಇಲ್ಲಿಂದ ಇಳೀಬ್ಯಾಡ್ರಿ" ಎಂದು ಮಗುವಿಗೆ ಹೇಳಿದಂತೆ ಹೇಳಿ, ಹೋರಿಗಳು ಓಡಿ ಬಂದು ನಿಲ್ಲುವ ತುದಿಗೆ ಹೋದ. ಅಲ್ಲಿ ನಿಂತು ತನ್ನ ಹೋರಿಯನ್ನು ಹಿಡಿದುಕೊಳ್ಳುವವನು ಅವನೇ.

ಟ್ರೇಲರಿನ ಮೇಲಿಂದ ಫೋನಿನಲ್ಲಿ ನನಗೆ ಸಿಕ್ಕದ್ದೆಲ್ಲ ಮುಂದಿದ್ದವರ ಟೋಪಿ ಮತ್ತು ಬೋಳುತಲೆ. ಅದರಲ್ಲಿ ಒಂದು ಬೋಳುತಲೆ ನಮ್ಮ ಪ್ರಿನ್ಸಿಪಾಲರದು, ಅದನ್ನು ಪರದೆಯ ಮೇಲೆ ತೋರಿಸುವಂತಿರಲಿಲ್ಲ. ಇಳಿದು ಬೇಲಿಯ ಹತ್ತಿರ ಹೋದೆ. ಬೇಲಿಯ ಎರಡು ಗಳಗಳ ನಡುವೆ ಸಂದಿ ಕಂಡಿತು, ತಲೆ ತೂರಿಸಿದೆ. ತಲೆಯ ಹಿಂದೆ ಹೊಟ್ಟೆಯೂ ಹೇಗೋ ಬಂತು. ಅಷ್ಟರಲ್ಲಿ ಮೈಕಿನಲ್ಲಿ "ಬಂತ್ರೀ, ಬಂತು, ಮೋಟೆಬೆನ್ನೂರ ಬಿರುಗಾಳಿ!" ಎಂದರು. ಹಿಂದಿನವರು ಒಮ್ಮೆಲೆ ಒತ್ತಿದರು, ನನ್ನ ಚಪ್ಪಲಿ ಜಾರಿತು, ನಾನು ಅಖಾಡದೊಳಗೆ ಬಿದ್ದೆ.

ಬಿದ್ದವನು ಎದ್ದದ್ದು ಹೌದು. ಎದ್ದಾಗ ಎದುರಿಗೆ ಎರಡು ಕೊಂಬು ಕಂಡದ್ದೂ ಹೌದು. ಆಮೇಲೆ ಕಣ್ಣು ಮುಚ್ಚಿದೆ. "ಅವ್ವಾ" ಎಂದು ಒದರಿ ಕೈಗೆ ಏನು ಸಿಕ್ಕಿತೋ ಅದನ್ನು ಹಿಡಿದೆ. ಮುಂದೆ ಏನಾಯಿತೆಂಬುದು ನನ್ನ ಕಣ್ಣಿಗಿಂತ ಮೊಳಕಾಲಿಗೆ ಹೆಚ್ಚು ಗೊತ್ತು. ದರದರ ಎಳೆದುಕೊಂಡು ಹೋಯಿತು. ಮಣ್ಣು ಬಾಯಿಗೆ ಬಂತು, ಚಪ್ಪಲಿ ಹೋಯಿತು, ಪ್ಯಾಂಟು ಹರಿಯಿತು. ಕೊನೆಗೆ ಎಲ್ಲೋ ಪಟ್ಟೆಂದು ದಾರ ಕಡಿದ ಸದ್ದಾಯಿತು, ನಾನು ನೆಲದ ಮೇಲೆ ಉರುಳಿದೆ. ಕಣ್ಣು ಬಿಟ್ಟಾಗ ಎರಡೂ ಕೈಗಳಲ್ಲಿ ಕೊಬ್ಬರಿಯ ಹಾರ ಇತ್ತು.

"ಯಾರ್ರೀ ಅವ್ರು, ಇನ್‌ಶರ್ಟ್ ಮಾಡಿದ ಪೈಲ್ವಾನ್ರು!" ಎಂದು ಮೈಕು ಕಿರುಚಿತು. ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಯಾರೋ ಮೈಕನ್ನು ಬಾಯಿಗೆ ಹಿಡಿದು, "ಹೆಂಗ ಹರಿದ್ರಿ ಸರ್?" ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಮೀಸೆ ತಿರುವುತ್ತಿದ್ದರು. ನಾನು ನನ್ನ ರೂಢಿಯಂತೆ, "ಎಲ್ಲಿ ಹರೀಲ್ರಿ, ಕಾಲು ಜಾರಿ ಬಿದ್ದೆ, ಅಂಜಿ ಹಿಡ್ಕೊಂಡೆ. ಹೋರಿ ಬದ್ಲಿ ಎಮ್ಮಿ ಬಂದಿದ್ರ ಅದರ ಬಾಲಾನ ಹಿಡೀತಿದ್ದೆ" ಎಂದೆ. ಇಡೀ ಅಖಾಡ ಗೊಳ್ಳೆಂದು ನಕ್ಕಿತು. ಅಷ್ಟು ಜನರನ್ನು ಒಟ್ಟಿಗೆ ನಾನು ಎಂದೂ ನಗಿಸಿರಲಿಲ್ಲ. ಹೆಗಲ ಮೇಲಿಂದ ದೂರದಲ್ಲಿ ಶಮಶೇರಸಾಬ ಕಂಡ. ಹೋರಿಯ ಹಗ್ಗ ಹಿಡಿದು, ಅದರ ಬರಿದಾದ ಕೊರಳ ಮೇಲೆ ಕೈಯಿಟ್ಟು ನಿಂತಿದ್ದ. ಅವನು ನಗುತ್ತಿರಲಿಲ್ಲ.

ಮರುದಿನ ನನ್ನೊಳಗಿನ ಭಾಷಣಕಾರ ಎಚ್ಚರವಾದ. ಲೂಟಿ ಮಾಡಿದ್ದನ್ನು ವಾಪಸು ಕೊಡುವುದೇ ಮನುಷ್ಯತ್ವ, ಅಲ್ಲವೇ? ಕೊಬ್ಬರಿಯ ಹಾರವನ್ನು ಹೊಸ ಟವೆಲಿನಲ್ಲಿ ಕಟ್ಟಿಕೊಂಡು, ಕುಂಟುತ್ತ ಅವನ ಮನೆಗೆ ಹೋದೆ. ಶರೀಫಾಬಿ ಹೋರಿಯ ಮೈ ಉಜ್ಜುತ್ತಿದ್ದಳು. ಟವೆಲು ಬಿಚ್ಚಿ ಹಾರವನ್ನು ಕಟ್ಟೆಯ ಮೇಲಿಟ್ಟೆ.

"ಇದೇನ್ರಿ?" ಎಂದ ಶಮಶೇರಸಾಬ.

"ವಾಪಸ್ ತಂದೇನ್ರಿ ಭಾಯ್. ಇದು ನಾ ಗೆದ್ದದ್ದಲ್ಲ. ನಿಮ್ಮದು ನಿಮ್ಮ ಹತ್ರ ಇರ್ಲಿ."

ಅವನ ಮುಖ ಕೆಂಪಾಯಿತು. "ನನ್ನ ಹೋರಿ ಭಿಕ್ಷಾ ಬೇಡಿತ್ತೇನ್ರಿ ಮಾಸ್ತರ?" ಎಂದ. ಧ್ವನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ತಗೊಂಡು ಹೋಗ್ರಿ."

ನಾನು ಇದೇ ಮಣ್ಣಲ್ಲಿ ಹುಟ್ಟಿದವನು. ಹರಿದ ಕೊಬ್ಬರಿ ಹರಿದವನ ಮನೆಯ ಒಲೆಗೆ ಹೋಗಬೇಕು, ನಾಲ್ಕು ಜನ ಹಂಚಿ ತಿನ್ನಬೇಕು ಎಂಬುದು ಇಲ್ಲಿಯ ಕೂಸಿಗೂ ಗೊತ್ತು. ವಾಪಸು ಕೊಟ್ಟರೆ, ನಿನ್ನ ಹೋರಿಯನ್ನು ಗೆದ್ದದ್ದು ಒಂದು ಗೆಲುವೇ ಅಲ್ಲ ಎಂದು ಮುಖಕ್ಕೆ ಹೇಳಿದಂತೆ. ಲಂಡನ್ನಿನವರಿಗೆ ಹೇಳಬೇಕಾದ ಉಪದೇಶವನ್ನು ತಂದು ಮೋಟೆಬೆನ್ನೂರಿನ ದನದ ಕಟ್ಟೆಯ ಮೇಲೆ ಇಟ್ಟ ಜಾಣ ನಾನು.

ಅಂದಿನಿಂದ ಚಹಾ ನಿಂತಿತು. ಬಸ್ಸಿಳಿದರೆ ಅವನು ಬೆಸುಗೆಯ ಕಪ್ಪು ಗಾಜು ಮುಖಕ್ಕೆ ಹಿಡಿದು ಕಿಡಿ ಹಾರಿಸುತ್ತಿರುತ್ತಿದ್ದ, ಬೆಸುಗೆ ಹಾಕುವುದು ಏನೂ ಇಲ್ಲದಾಗಲೂ. ನನಗೆ ಬೇಸರವಾಯಿತು. ಬೇಸರವಾದಾಗ ನಾನು ಏನು ಮಾಡುತ್ತೇನೆ? ನನ್ನ ಮೇಲೆ ನಾನೇ ಕಥೆ ಕಟ್ಟುತ್ತೇನೆ. ಸ್ಟಾಫ್ ರೂಮಿನಲ್ಲಿ ಟೇಬಲ್ ಸುತ್ತ ಓಡಿ, ಬಿದ್ದು, "ಅವ್ವಾ" ಎಂದು ಒದರಿ ತೋರಿಸಿದೆ. ರಾಣೆಬೆನ್ನೂರಿನ ಬೀಗರ ಮನೆಯ ಸೀಮಂತದಲ್ಲಿ ಮತ್ತೆ ಅದೇ ಆಟ. ಅಲ್ಲಿ ಹೆಂಗಸರು ಇನ್ನೊಮ್ಮೆ ಮಾಡಿ ತೋರಿಸಿ ಎಂದರು, ತೋರಿಸಿದೆ. ಹೇಳಿದಷ್ಟೂ ಕಥೆಯಲ್ಲಿ ನಾನು ಹೆಚ್ಚು ಹೆಚ್ಚು ಹೇಡಿಯಾದೆ, ಹೋರಿ ಹೆಚ್ಚು ಹೆಚ್ಚು ಬಡಕಲಾಯಿತು.

ಒಂದು ದಿನ ಅಂಜಲಿ ಹಿಟ್ಟಿನ ಗಿರಣಿಯಿಂದ ಬಂದವಳೇ ಡಬ್ಬಿಯನ್ನು ದಪ್ಪೆಂದು ಇಟ್ಟಳು.

"ಶರೀಫಾಬಿ ಸಿಕ್ಕಿದ್ಲು. ಕಣ್ಣೀರು ಹಾಕಿದ್ಲು."

"ಯಾಕ?"

"ಹುಡುಗ್ರು ಅವರ ಅಂಗಡಿ ಮುಂದ ನಿಂತು, ಬಿರುಗಾಳಿ ಅಲ್ಲ ಇದು ಫ್ಯಾನಿನ ಗಾಳಿ, ಇಂಗ್ಲಿಷ್ ಮಾಸ್ತರನ ಕೈಗೂ ಸಿಕ್ಕೈತಿ ಅಂತ ನಗ್ತಾರಂತ. ಶಮಶೇರಣ್ಣ ಹೋರೀನ ಹೊರಗ ನೀರಿಗೆ ಹೊಡಕೊಂಡು ಹೋಗೂದೂ ಬಿಟ್ಟಾನಂತ. ಬಾಗಲಾ ಹಾಕ್ಕೊಂಡು ಒಳಗ ಕುಡಸ್ತಾನಂತ."

ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟೆ.

"ನಿಮ್ಮನ್ನ ನೀವು ಎಷ್ಟರ ನಕ್ಕೊಳ್ರಿ, ಅದು ನಿಮ್ಮ ಹಣೇಬರ. ಆದ್ರ ನೀವು ಹೇಡಿ ಆದಷ್ಟೂ ಆ ಹೋರಿ ಮಾನಾ ಹೋಗ್ತೈತಿ. ಇಷ್ಟು ಓದೀರಿ, ಇದು ತಿಳೀಲಿಲ್ಲೇನ್ರಿ ನಿಮಗ?"

ತಿಳಿದಿರಲಿಲ್ಲ. ನನ್ನ ಮೇಲೆ ನಾನೇ ನಗುವುದು ಯಾರಿಗೂ ನೋವಾಗದ ಕೆಲಸ ಎಂದು ಇಷ್ಟು ವರ್ಷ ನಂಬಿದ್ದೆ. ಹಾರದ ಕೊಬ್ಬರಿ ಹೋದರೆ ಹೋಗಲಿ ಎಂದಿದ್ದವನು ಶಮಶೇರಸಾಬ. ಯಾರ ಕೈಯಲ್ಲಿ ಹೋಯಿತು ಎಂಬ ಮಾತೊಂದನ್ನು ಅವನು ಉಳಿಸಿಕೊಂಡಿದ್ದ. ಅದನ್ನೂ ನಾನು ಊರೂರು ತಿರುಗಿ, ನಗಿಸಿ ನಗಿಸಿ ದೋಚಿಬಿಟ್ಟಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಅದನ್ನು ಹೇಳಿದರೆ ಅಂಜಲಿ ನಗುತ್ತಾಳೆಂದು ಹೇಳಲಿಲ್ಲ.

ಹಾವೇರಿಯ ಭಾಷಣದ ದಿನ ಬಂತು. ಸಭಾಭವನದ ಮುಂದಿನ ಕುರ್ಚಿಗಳಲ್ಲಿ ವಕೀಲರು, ಮಾಸ್ತರರು, ಪತ್ರಿಕೆಯವರು. ಅಂಜಲಿ ಹಿಂದಿನ ಸಾಲಿನಲ್ಲಿದ್ದಳು. ಅವಳ ಪಕ್ಕದಲ್ಲಿ ಶರೀಫಾಬಿ, ಅವಳ ಪಕ್ಕದಲ್ಲಿ ಶಮಶೇರಸಾಬ. ಹೆಂಗಸರಿಬ್ಬರೂ ಸೇರಿ ಅವನನ್ನು ಹೇಗೆ ಹೊರಡಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನನ್ನು ಪರಿಚಯಿಸಿದವರು, "ಈಚೆಗೆ ಬಿದ್ದು ಕೊಬ್ಬರಿ ಗೆದ್ದವರು, ಆ ಕಥೆಯನ್ನೂ ಅವರ ಬಾಯಲ್ಲೇ ಕೇಳೋಣ" ಎಂದರು. ಸಭೆ ಆಗಲೇ ನಗಲು ತಯಾರಾಗಿತ್ತು.

ಲೂಟಿ, ಲೂಟ್, ಲುಂಠನ, ಹಾಸಿಗೆ ಬಟ್ಟೆ ಎಲ್ಲ ಮುಗಿಯಿತು. ಚಪ್ಪಾಳೆಯೂ ಬಿತ್ತು. ಕೊಬ್ಬರಿಯ ಮಾತಿಗೆ ಬಂದೆ. ನೀರು ಕುಡಿದೆ. ಕಾಲು ನಡುಗುತ್ತಿತ್ತು, ಪುಣ್ಯಕ್ಕೆ ಎದುರಿಗೆ ದೊಡ್ಡ ಮೇಜಿತ್ತು.

"ಮೋಟೆಬೆನ್ನೂರ ಬಿರುಗಾಳಿ ಅಂದರೆ ಎಂಥ ಹೋರಿ ಅಂತ ನಿಮಗೆ ಗೊತ್ತಿದೆ," ಎಂದೆ. "ಅದರ ಕೊಬ್ಬರಿಯನ್ನು ಯಾವ ಪೈಲ್ವಾನನೂ ಹರಿದಿರಲಿಲ್ಲ. ನಾನು ಬೇಲಿ ದಾಟಿ ಒಳಗೆ ನಿಂತೆ. ಅದು ಬಂತು. ನೆಲ ಅದುರಿತು. ನಾನು ಹಾರಿ ಕೊರಳಿಗೆ ಕೈ ಹಾಕಿದೆ."

ಕೆಲವರು ನಕ್ಕರು. ಇನ್ನೇನು ಚಪ್ಪಲಿ ಜಾರುತ್ತದೆ ಎಂದು ಕಾಯ್ದರು. ನಾನು ಚಪ್ಪಲಿಯ ಸುದ್ದಿ ಎತ್ತಲಿಲ್ಲ.

"ಅದು ನನ್ನನ್ನು ಎಳೆದುಕೊಂಡು ಹೋಯಿತು. ನನ್ನ ಮೊಳಕಾಲಿನ ಗಾಯ ಇನ್ನೂ ಆರಿಲ್ಲ. ಅಂಥ ಹೋರಿಯ ಕೊಬ್ಬರಿ ಹರಿದವನು ನಾನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ. ಅದನ್ನು ಸಾಕಿದವರು ಇಲ್ಲಿಯೇ ಕೂತಿದ್ದಾರೆ. ಕಂಪನಿಯವರ ಲೂಟಿಯಲ್ಲಿ ಕಳೆದುಕೊಂಡವರನ್ನು ಯಾರೂ ಕೇಳಲಿಲ್ಲ. ನಮ್ಮ ಲೂಟಿಯಲ್ಲಿ ಕಳೆದುಕೊಂಡವನ ಮರ್ಯಾದೆ ಕಾಯುವುದು ಹರಿದವನ ಕೆಲಸ. ಅದನ್ನು ನಾನು ತಡವಾಗಿ ಕಲಿತೆ." ವಾಪಸು ಕೊಡುವ ಮಾತನ್ನು ನುಂಗಿಕೊಂಡು ಕೂತುಬಿಟ್ಟೆ.

ನಗು ನಿಂತಿತ್ತು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಿರುಗಿ ಹಿಂದಿನ ಸಾಲನ್ನು ನೋಡುತ್ತ ತಟ್ಟಿದರು. ಶಮಶೇರಸಾಬ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಕೈ ಮುಗಿದ.

ಹೊರಗೆ ಬಂದಾಗ ಅವನು ನನಗಾಗಿ ಕಾಯುತ್ತಿದ್ದ.

"ಅಷ್ಟು ಸುಳ್ಳು ಹೇಳೂದು ಎಲ್ಲಿ ಕಲ್ತ್ರಿ ಮಾಸ್ತರ?" ಎಂದ.

"ಇಂಗ್ಲಿಷ್ ಕಲಸಾಕತ್ತೇನಿ ಅಂತ ದಿನಾ ಹೇಳಿ ಹೇಳಿ ರೂಢಿ ಆಗೇತ್ರಿ," ಎಂದೆ.

ಅವನು ನಗಲಿಲ್ಲ. "ನಾ ತುದೀಗೆ ನಿಂತು ಎಲ್ಲಾ ನೋಡೇನಿ. ನಿಮ್ಮ ಕಾಲು ಜಾರಿದ್ದೂ ನೋಡೇನಿ. ಅವ್ವಾ ಅಂತ ಒದರಿದ್ದು ಅಲ್ಲೀ ತನಕ ಕೇಳೇತಿ."

ನಾನು ತಲೆ ತಗ್ಗಿಸಿದೆ.

"ಆದ್ರ ಹಿಡದ ಮ್ಯಾಲ ಬಿಡಲಿಲ್ಲಲ್ರಿ ನೀವು. ಬಿಟ್ಟಿದ್ರ ಅಲ್ಲೇ ಉಳೀತಿದ್ರಿ, ಪ್ಯಾಂಟರ ಉಳೀತಿತ್ತು."

"ಅಂಜಿ ಬಿಡಲಿಲ್ರಿ ಭಾಯ್. ಕೈಬೆರಳು ಬಿಚ್ಚಲಿಲ್ಲ, ಅಷ್ಟ."

"ಬಿಟ್ಟವರೂ ಅಂಜೇ ಬಿಟ್ಟಾರ," ಎಂದ ಶಮಶೇರಸಾಬ. "ಇಷ್ಟು ವರ್ಷ ಎಂಥೆಂಥಾ ಪೈಲ್ವಾನ್ರು ಅವನ ಕೊರಳಿಗೆ ಕೈ ಹಾಕಿ ಬಿಟ್ಟು ಬಿದ್ದಾರ. ನೀವು ಬಿಡಲಿಲ್ಲ. ಎಲ್ಲಾ ಹೇಳ್ತೀರಿ, ಇದೊಂದು ಯಾಕ ಹೇಳಲಿಲ್ಲ ನೀವು?"

ನನಗೆ ಅಳು ಬಂತು. ನನ್ನ ಬಗ್ಗೆ ನಾನು ಕಟ್ಟಿದ ನೂರೆಂಟು ಕಥೆಗಳಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಇದಕ್ಕೆ ಎದುರಾಗಿ ಒಂದು ಹಾಸ್ಯ ಹುಡುಕಿದೆ, ಸಿಗಲಿಲ್ಲ.

ಮರುದಿನ ಅಂಜಲಿ ಆ ಕೊಬ್ಬರಿಯನ್ನು ತುರಿದು ಗೋಧಿ ಹುಗ್ಗಿ ಮಾಡಿದಳು. ಓಣಿಯವರೆಲ್ಲ ಉಂಡರು. ಶರೀಫಾಬಿ ಎರಡನೇ ಸಲ ಹಾಕಿಸಿಕೊಂಡು, "ಬೇಟಾನ ಕೊಬ್ಬರಿ, ಅದಕ್ಕ ಇಷ್ಟು ರುಚಿ ಐತಿ" ಎಂದಳು. ಊಟ ಮುಗಿದ ಮೇಲೆ ಶಮಶೇರಸಾಬ ಚೀಲದಿಂದ ಶಾಲು ತೆಗೆದು ಎಲ್ಲರ ಮುಂದೆ ನನ್ನ ಹೆಗಲಿಗೆ ಹೊಚ್ಚಿದ. ಸಂಜೆ ಹೋರಿಯನ್ನು ಹೊರಗೆ ಹೊಡೆದುಕೊಂಡು ಬಂದು, ಹೆದ್ದಾರಿಯ ಪಕ್ಕದ ತೊಟ್ಟಿಯಲ್ಲಿ ನೀರು ಕುಡಿಸಿದ.

ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆ. "ಬಿದ್ದದ್ದು ಬರೀರಿ, ಒದರಿದ್ದೂ ಬರೀರಿ," ಎಂದ. "ಬಿಡಲಿಲ್ಲ ಅನ್ನೋದನ್ನ ಮಾತ್ರ ಬಿಡಬ್ಯಾಡ್ರಿ."

ಅಂದಿನಿಂದ ಮೋಟೆಬೆನ್ನೂರಿನಲ್ಲಿ ನನ್ನ ಬದುಕು ಕಷ್ಟವಾಗಿದೆ. ಓಣಿಯಲ್ಲಿ ನಾಯಿ ಎದುರಾದರೆ ಗೋಡೆಗೆ ಅಂಟಿಕೊಳ್ಳುವಂತಿಲ್ಲ. ಬಿರುಗಾಳಿಯ ಕೊಬ್ಬರಿ ಹರಿದವನು ನಾಯಿಗೆ ದಾರಿ ಬಿಟ್ಟ ಎಂದರೆ ಆ ಹೋರಿಯ ಗತಿಯೇನು? ಅದಕ್ಕೇ ಒಳಗೊಳಗೆ ನಡುಗುತ್ತಲೇ ಓಣಿಯ ನಟ್ಟನಡುವೆ ನಡೆಯುತ್ತೇನೆ. ಮೊನ್ನೆ ಒಂದು ನಾಯಿ ನನ್ನನ್ನು ನೋಡಿ, ಎದ್ದು, ಪಕ್ಕಕ್ಕೆ ಸರಿಯಿತು.